ಭಾಷಣದ ಜೇಬು

ಕೋಟಿನ ತೋಳಿಗೆ ಕೈ ತೂರಿಸುವ ಹೊತ್ತಿಗೇ ಮೇಷ್ಟ್ರಿಗೆ ಇವತ್ತಿನ ಸಭೆಯ ಮೇಲೆ ಹೇಸಿಗೆ ಹುಟ್ಟಿಯಾಗಿತ್ತು. ಅದರಲ್ಲಿ ಹೊಸತೇನೂ ಇರಲಿಲ್ಲ. ಹೇಸಿಗೆ ಅವರಿಗೆ ಬೆಳಗಿನ ಚಹಾದಷ್ಟೇ ರೂಢಿಯದು, ಒಂದು ಗುಟುಕು ಒಳಗಿಳಿಯದೆ ದಿನ ಕಣ್ಣು ಬಿಡುತ್ತಿರಲಿಲ್ಲ. ಕಾಲೇಜಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತರಾದ ಮೇಲೆ ಊರಿನ ಶೋಕಸಭೆಗಳೆಲ್ಲ, ಯಾರೂ ಹರಾಜು ಕೂಗದೆಯೇ, ಅವರ ಪಾಲಿಗೆ ಬಂದಿದ್ದವು. ಸತ್ತವರು ಬೇರೆ ಬೇರೆ, ಭಾಷಣ ಒಂದೇ. ವಿಶೇಷಣ ಬದಲಾಯಿಸಿದರೆ ಮುಗಿಯಿತು: ವ್ಯಾಪಾರಿ ಸತ್ತರೆ ಪ್ರಾಮಾಣಿಕ, ವಕೀಲ ಸತ್ತರೆ ಮಿತಭಾಷಿ, ಜೀವಮಾನದಲ್ಲಿ ಏನನ್ನೂ ಮಾಡದವನು ಸತ್ತರೆ ಅಜಾತಶತ್ರು. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಅಳುವುದಕ್ಕೆ ಇವರಿಗೆ ಇಷ್ಟೇ ಸಾಕೇ ಎಂದು ಮೇಷ್ಟ್ರು ವೇದಿಕೆಯ ಮೇಲಿಂದ ನೋಡುತ್ತ ಒಳಗೊಳಗೇ ಮೂಗು ಮುರಿಯುತ್ತಿದ್ದರು. ಈಗ ಕನ್ನಡಿಯಲ್ಲಿ ಅವರ ಎರಡು ಭುಜಗಳೂ ಸಮವಾಗಿ ಕೂತಿದ್ದವು. ಕೋಟು ತೆಗೆದರೆ ಬಲಭುಜ ಎಡಕ್ಕಿಂತ ತಗ್ಗು. ‘ನಿನ್ನ ಮೈ ಒಂದು ಕಡೆಗೆ ಜಾರಿದೆ ಕಣೋ,’ ಎಂದಿದ್ದ ಅಣ್ಣ, ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಅಳತೆಯ ಟೇಪನ್ನು ಅವರ ಬೆನ್ನ ಮೇಲೆ ಹಾವಿನಂತೆ ಎಳೆಯುತ್ತ. ‘ಒಳಗೆ ಹತ್ತಿ ತುಂಬ್ತೀನಿ. ನೋಡೋರಿಗೆ ನೆಟ್ಟಗೆ ಕಾಣ್ತೀಯ. ಸೈನ್ಯದಲ್ಲಿ ಹೀಗೆ ಎಷ್ಟು ಮಂದೀನ ನೆಟ್ಟಗೆ ಮಾಡಿದೀನಿ ಗೊತ್ತಾ. ನಮ್ಮ ಕರ್ನಲ್ ಸಾಹೇಬನಿಗೂ ಹತ್ತೀನೇ.’ ಬಾಯಿಂದ ಹಗಲಲ್ಲೇ ಹೆಂಡದ ವಾಸನೆ ಬರುತ್ತಿತ್ತು. ಎದೆಯ ಒಳಭಾಗದಲ್ಲಿ, ಮಾಮೂಲಿ ಜೇಬಿನ ಹಿಂದೆ, ಉದ್ದನೆಯ ಇನ್ನೊಂದು ಜೇಬನ್ನು ಅವನೇ ಯೋಚಿಸಿ ಇಟ್ಟಿದ್ದ. ಹಾಳೆಯನ್ನು ಮಡಚದೆ ಇಡಬಹುದು, ಯಾರಿಗೂ ಉಬ್ಬು ಕಾಣುವುದಿಲ್ಲ. ‘ಇದು ಭಾಷಣದ ಜೇಬು. ಪುಣ್ಯಾತ್ಮ ಬಾಯಿಪಾಠ ಮಾತಾಡ್ತಾನೆ ಅಂದ್ಕೋಬೇಕು ಜನ.’ ಮೇಷ್ಟ್ರು ಇವತ್ತಿನ ಹಾಳೆಯನ್ನು ಅದರೊಳಗೆ ಇಳಿಸಿದರು. ಅದು ಸದ್ದಿಲ್ಲದೆ ಹೋಗಿ ಕೂತಿತು.

‘ನಾನೂ ಬರ್ತೀನಿ,’ ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. ಆಗಲೇ ಹೊರಗೆ ಹೋಗುವ ಬಟ್ಟೆ ಉಟ್ಟಿದ್ದಳು. ಕೇಳುವ ಮಾತಲ್ಲ, ತಿಳಿಸುವ ಮಾತು.

‘ಎಲ್ಲಿಗೆ? ಅದೇನು ಮದುವೆ ಮನೆಯಾ? ಬಿಸಿಲು, ಧೂಳು. ದಿಕ್ಕಿಲ್ಲದವರ ಬೂದಿಗೆ ಮಣ್ಣು ಹಾಕೋ ಕಾರ್ಯಕ್ರಮ.’

‘ಗೊತ್ತು. ಸಿಪಾಯಿಗಳದ್ದು. ನಮ್ಮ ಭಾವನೂ ಸಿಪಾಯೀನೇ ಅಲ್ವಾ. ಅವರಿಗಂತೂ ಇಂಥ ಮರ್ಯಾದೆ ಆಗ್ಲಿಲ್ಲ. ಬೇರೆಯವರಿಗೆ ಆಗೋದನ್ನಾದ್ರೂ ನೋಡ್ತೀನಿ.’

‘ವ್ಯಾನಿನಲ್ಲಿ ಜಾಗ ಇರಲ್ಲ ಕಣೆ.’

‘ನಿಮ್ಮ ಕಾಲ ಹತ್ರ ಕೂತ್ಕೋತೀನಿ. ನೋಡಿ, ಭಾವನಿಗೆ ಅಷ್ಟು ವರ್ಷ ನಾನು ಅನ್ನ ಹಾಕಿದೀನಿ, ನೀವು ಭಾಷಣ ಹಾಕಿದೀರಿ. ಒಂದು ದಿನ ನಾನು ಭಾಷಣ ಕೇಳಿದ್ರೆ ನಿಮ್ಮ ಗಂಟೇನೂ ಹೋಗಲ್ಲ.’

ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು. ಇವಳ ಜೊತೆ ವಾದ ಬೆಳೆಸಿದರೆ ಅದು ಎಲ್ಲಿಗೆ ಹೋಗಿ ನಿಂತೀತೆಂಬ ಅಳುಕು ಅವರಿಗಿತ್ತು. ‘ನದೀಲಿ ನೀರಿತ್ತೇನ್ರೀ’ ಎಂಬಲ್ಲಿಗೆ. ಅಣ್ಣ ಸತ್ತ ಸುದ್ದಿ ಹೇಳಿದ ದಿನ, ಎಲ್ಲ ಅಲ್ಲೇ ಮುಗಿಸಿ ಬೂದಿಯನ್ನು ನದಿಗೆ ಬಿಟ್ಟು ಬಂದೆ ಎಂದಾಗ, ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಮೊದಲು ಕೇಳಿದ ಪ್ರಶ್ನೆ ಅದು. ಈ ಬೇಸಿಗೇಲಿ ನದೀಲಿ ನೀರಿತ್ತೇನ್ರೀ. ಇತ್ತು ಎಂದಿದ್ದರು. ಸ್ವಲ್ಪ ಇತ್ತು. ಅವಳು ಮತ್ತೆ ಆ ವಿಷಯ ಎತ್ತಿರಲಿಲ್ಲ, ಹೊಲಿಗೆ ಯಂತ್ರವನ್ನು ಒರೆಸಿ ಅದಕ್ಕೊಂದು ಹೊದಿಕೆ ಹಾಕಿ ಅಟ್ಟಕ್ಕೆ ಏರಿಸಿದ್ದಳು. ಮನೆಯಲ್ಲಿ ಮುಚ್ಚುವಂಥ ವಸ್ತು ಯಾವುದಿದ್ದರೂ ಅದಕ್ಕೆ ಅಣ್ಣ ಹೊಲಿದ ಹೊದಿಕೆ ಇತ್ತು: ರೇಡಿಯೋಗೆ, ದಿಂಬಿಗೆ, ನೀರಿನ ಕೊಡಕ್ಕೆ, ಹಳೆಯ ಕುರ್ಚಿಯ ಮುರಿದ ಕೈಗೆ. ಕುಡಿದು ಬಂದ ರಾತ್ರಿಯ ಮಾರನೆಯ ದಿನ ತಪ್ಪದೆ ಏನಾದರೊಂದಕ್ಕೆ ಹೊದಿಕೆ ಹೊಲಿಯುತ್ತಿದ್ದ. ಹೊದಿಕೆಗಳನ್ನು ನೋಡಿದರೆ ಅವನು ಎಷ್ಟು ಕುಡಿದಿದ್ದನೆಂದು ಗೊತ್ತಾಗುವಂತಿತ್ತು.

ಕ್ಯಾಪ್ಟನ್ ಬಂದು ಕೂತದ್ದು ಆ ಕುರ್ಚಿಯಲ್ಲೇ. ಹೋದ ವಾರ. ಅವನು ಕ್ಯಾಪ್ಟನ್ ಅಲ್ಲವೆಂದು ಊರಿಗೆಲ್ಲ ಗೊತ್ತಿತ್ತು; ಸೈನ್ಯದಲ್ಲಿ ಕಂಬಳಿ ಉಗ್ರಾಣ ಕಾಯುತ್ತಿದ್ದವನು. ನಿವೃತ್ತಿಯಾದ ಮೇಲೆ ಮೀಸೆಯ ಜೊತೆಗೆ ಅವನ ಹುದ್ದೆಯೂ ಬೆಳೆಯಿತು. ಮಾಜಿ ಸೈನಿಕರ ಸಂಘ ಎಂಬ ಹಲಗೆ ಹಾಕಿದ ಒಂದು ಕೋಣೆ, ಅದರೊಳಗೆ ಮಂಡಿನೋವಿನ ಮುದುಕರು, ಅವರ ನಡುವೆ ಇವನು. ಅಣ್ಣ ಆ ಕೋಣೆಯ ಕಡೆ ಒಮ್ಮೆಯೂ ಹೋದವನಲ್ಲ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ತಳಕ್ಕೆ ಬಿದ್ದರೆ ಬೆರಳು ಹಾಕಿ ತೆಗೆಯುವ ಜಾತಿಯವನು. ನಗರದ ಚಿತಾಗಾರದ ಹಿಂದಿನ ಕೋಣೆಯಲ್ಲಿ ಯಾರೂ ಒಯ್ಯದ ಬೂದಿಯ ಡಬ್ಬಗಳು ಕಪಾಟಿನ ತುಂಬ ಇವೆಯೆಂದು ಅವನು ಹೇಳಿದ. ಅವುಗಳಲ್ಲಿ ಕೆಲವು ಸಿಪಾಯಿಗಳವು. ಹೆಸರು ಕೊರೆದ ಸೈನ್ಯದ ಕೊರಳ ಬಿಲ್ಲೆಯನ್ನು ಅಲ್ಲಿನ ಕಾವಲುಗಾರ ಡಬ್ಬಕ್ಕೇ ಕಟ್ಟಿಟ್ಟಿದ್ದಾನೆ. ಸಂಘದವರು ಮರದ ಪೆಟ್ಟಿಗೆ ಮಾಡಿಸಿದ್ದಾರೆ, ಹಳೆಯ ಸೈನಿಕರ ಸ್ಮಶಾನದಲ್ಲಿ ಜಾಗ ಸಿಕ್ಕಿದೆ, ದೊಡ್ಡ ಅಧಿಕಾರಿಯೂ ಬರುತ್ತಾರೆ. ‘ನಾಲ್ಕು ಒಳ್ಳೇ ಮಾತು ನಿಮ್ಮ ಬಾಯಿಂದ ಬರ್ಬೇಕು ಮೇಷ್ಟ್ರೇ. ನಾವು ಮಾತಾಡಿದ್ರೆ ಆರ್ಡರ್ ಕೊಟ್ಟ ಹಾಗಿರುತ್ತೆ.’ ಆಮೇಲೆ, ಯಾರೂ ಕೇಳದಿದ್ದರೂ, ಸತ್ತವರ ಹೆಸರುಗಳನ್ನು ಬಾಯಿಪಾಠ ಒಪ್ಪಿಸಿದ. ಅಣ್ಣನ ಹೆಸರು ನಡುವೆಲ್ಲೋ ಬಂತು. ಅಂಥ ಹೆಸರಿನವರು ಬೀದಿಗೊಬ್ಬರು ಸಿಗುತ್ತಾರೆ. ಮೇಷ್ಟ್ರು ಆ ನಂಬಿಕೆಯನ್ನು ಹಿಡಿದು ಒಂದು ಕ್ಷಣ ತೂಗಾಡಿದರು. ‘ಇವರ ಕಥೆ ಕೇಳಿ ನೀವು,’ ಎಂದು ಕ್ಯಾಪ್ಟನ್ ಮುಂದುವರಿಸಿದ, ‘ಆಸ್ಪತ್ರೇಲಿ ಹೋದ್ರಂತೆ. ಯಾರೋ ಮನೆ ಓನರ್ ಬಂದು ಸೇರಿಸಿ ಹೋದನಂತೆ, ಆಮೇಲೆ ಆಸಾಮಿ ಪತ್ತೆ ಇಲ್ಲ. ಬಾಡಿಗೆ ಇಸ್ಕೊಳ್ಳೋವಾಗ ಬರ್ತಾರಲ್ಲ ಮೇಷ್ಟ್ರೇ, ಹೆಣ ಇಸ್ಕೊಳ್ಳೋವಾಗ ಬರಕ್ಕೇನು ದಾಡಿ. ಆ ಓನರ್ ಒಂದ್ಸಲ ನನ್ನ ಕೈಗೆ ಸಿಕ್ಬೇಕು.’

‘ಇನ್ನೊಂದು ಬಿಸ್ಕತ್ತು ತಗೊಳ್ಳಿ,’ ಎಂದಿದ್ದರು ಮೇಷ್ಟ್ರು.

ಒಲ್ಲೆ ಎನ್ನಬಹುದಿತ್ತು. ಗಂಟಲು ಕಟ್ಟಿದೆ, ಊರಲ್ಲಿರುವುದಿಲ್ಲ, ಏನಾದರೂ. ಆದರೆ ಒಲ್ಲೆ ಎಂದರೆ ಬೇರೆ ಯಾರೋ ಮಾತನಾಡುತ್ತಾರೆ, ಆ ಬೇರೆಯವರು ಹುಡುಕುತ್ತಾ ಹೊರಟರೆ? ಎದುರಿಗೇ ಇದ್ದು, ಮಣ್ಣು ಬೀಳುವುದನ್ನು ಕಣ್ಣಾರೆ ನೋಡಿ, ಮೇಲೊಂದು ಭಾಷಣ ಹೊದಿಸಿ ಬಂದರೆ ಎಲ್ಲ ಒಟ್ಟಿಗೆ ಮುಚ್ಚಿಹೋಗುತ್ತದೆ. ಅಲ್ಲದೆ ಅಣ್ಣನಿಗೆ ನಷ್ಟವೇನು? ತಮ್ಮನ ಕೈಯಲ್ಲಿ ಆಗಿದ್ದರೆ ಒಂದು ನದಿ, ಅದೂ ಬತ್ತಿದ್ದು. ಇಲ್ಲಿ ಕಹಳೆ, ಸಲಾಮು, ದೊಡ್ಡ ಅಧಿಕಾರಿಯ ಬೂಟು. ಸೈನ್ಯದಲ್ಲಿ ಗುಂಡಿ ಹೊಲಿದುಕೊಂಡಿದ್ದವನಿಗೆ ಇದಕ್ಕಿಂತ ಹೆಚ್ಚು ಏನು ಬೇಕು. ಹೀಗೆ ಅವರು ವಾರವಿಡೀ ತಮಗೆ ತಾವೇ ಪಾಠ ಮಾಡಿಕೊಂಡಿದ್ದರು, ಹಿಂದಿನ ಬೆಂಚಿನ ಹುಡುಗನಿಗೆ ಹೇಳುವಂತೆ, ತಾಳ್ಮೆಯಿಂದ, ಅವನು ಒಪ್ಪುವುದಿಲ್ಲವೆಂದು ಗೊತ್ತಿದ್ದೂ.

ಅಂಥ ಒಬ್ಬ ಹಿಂದಿನ ಬೆಂಚಿನ ಹುಡುಗನೇ, ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ ದಿನ, ವಾರ್ಡಿನಲ್ಲಿ ಬಿಳಿ ಕೋಟು ಹಾಕಿಕೊಂಡು ಎದುರು ನಿಂತದ್ದು. ಪರೀಕ್ಷೆಯಲ್ಲಿ ಎರಡು ಯುದ್ಧಗಳ ಕಾರಣಗಳನ್ನು ಅದಲುಬದಲು ಬರೆದಿದ್ದವನು, ಈಗ ಡಾಕ್ಟರು. ‘ಸರ್, ನೀವು ಇಲ್ಲಿ?’ ಎಂದು ಬಗ್ಗಿ ಅವರ ಕಾಲಿಗೇ ಕೈ ಹಾಕಿಬಿಟ್ಟ. ಸುತ್ತಲಿನ ಹಾಸಿಗೆಯವರೆಲ್ಲ ತಲೆ ಎತ್ತಿ ನೋಡಿದರು. ಮೇಷ್ಟ್ರಿಗೆ ಒಂದು ಗಳಿಗೆ ಸುಖವಾಯಿತು, ಅದೇ ತಪ್ಪಾದದ್ದು. ಆ ಗಳಿಗೆಯಲ್ಲೇ ಅಣ್ಣ ಹಾಸಿಗೆಯಲ್ಲಿ ಒದ್ದೆ ಮಾಡಿಕೊಂಡು ದಾದಿಯ ವಂಶವನ್ನು ಜಾಲಾಡುತ್ತಿದ್ದ. ಗಡ್ಡದಲ್ಲಿ ಗಂಜಿ. ‘ಇವರು ಯಾರು ಸರ್?’ ಎಂದ ಡಾಕ್ಟರು ಹುಡುಗ. ಇಂಥ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಲ್ಲ, ಅದು ನಾಲಿಗೆಯ ಮೇಲೇ ಇರುತ್ತದೆ. ಆದರೆ ಬಂದದ್ದು ಬೇರೆ. ‘ನಮ್ಮ ಹಿಂದಿನ ಕೋಣೇಲಿ ಬಾಡಿಗೆಗಿದಾರೆ. ಪಾಪ.’ ಸುಳ್ಳಿಗಿಂತಲೂ ಆ ‘ಪಾಪ’ ಎಂಬ ಮಾತು, ಯಾರೂ ಕೇಳದೆ ಇದ್ದರೂ ಮೇಲುಖರ್ಚಿಗೆ ಹಾಕಿದಂತೆ ಸೇರಿಸಿದ್ದು, ಆಮೇಲೆ ಅವರನ್ನು ಹಲ್ಲಿನ ಸಂದಿಯ ನಾರಿನಂತೆ ಕಾಡಿತು. ಅಣ್ಣ ಬೈಗುಳ ನಿಲ್ಲಿಸಿ ತಮ್ಮನ ಕಡೆಗೆ ನೋಡಿದ. ಕಣ್ಣು ಶುಭ್ರವಾಗಿತ್ತು, ಸೂಜಿಗೆ ದಾರ ಪೋಣಿಸುವಾಗ ಇರುತ್ತಿದ್ದಂತೆ. ಮೆಲ್ಲಗೆ ನಕ್ಕ. ‘ಹೌದು ಡಾಕ್ಟ್ರೇ,’ ಎಂದ, ‘ಓನರ್ ಬಹಳ ಒಳ್ಳೆಯವರು.’ ಹುಡುಗ ಉಬ್ಬಿಹೋದ. ‘ಬಾಡಿಗೆಯವರಿಗೆ ಇಷ್ಟೆಲ್ಲ ಯಾರು ಮಾಡ್ತಾರೆ ಸರ್. ನಿಮ್ಮದು ದೊಡ್ಡ ಮನಸ್ಸು.’ ಮೇಷ್ಟ್ರು ದೊಡ್ಡ ಮನಸ್ಸಿನೊಂದಿಗೆ ಮೆಟ್ಟಿಲಿಳಿದು ಬಂದರು. ನಾಳೆ ಆ ಹುಡುಗನ ಪಾಳಿ ಇಲ್ಲದ ಹೊತ್ತು ನೋಡಿ ಹೋಗಬೇಕು ಎಂದುಕೊಂಡರು. ಮರುದಿನವೂ ಹಾಗೆಯೇ ಅಂದುಕೊಂಡರು. ಫೋನಿನಲ್ಲಿ ವಿಚಾರಿಸಿದಾಗ ‘ಅವರು ಹೋದರು, ಸಂಬಂಧಿಕರು ಯಾರಾದರೂ ಬಂದು ಒಯ್ಯಬೇಕು’ ಎಂದರು. ಸಂಬಂಧಿಕರಿಗೆ ತಿಳಿಸುತ್ತೇನೆ ಎಂದು ಮೇಷ್ಟ್ರು ಫೋನಿಟ್ಟರು. ತಿಳಿಸಿದ್ದರು ಕೂಡ, ಸಂಬಂಧಿಕನಿಗೆ ವಿಷಯ ತಿಳಿದಿತ್ತು.

ವ್ಯಾನಿನ ಹಾರ್ನ್ ಕೂಗಿತು. ಮುಂದಿನ ಸೀಟಿನಲ್ಲಿ ಕ್ಯಾಪ್ಟನ್, ಎದೆಯ ತುಂಬ ಪದಕ. ಕಂಬಳಿ ಎಣಿಸಿದ್ದಕ್ಕೆ ಸರ್ಕಾರ ಇಷ್ಟು ಕೊಡುತ್ತದೆಯೇ ಎಂದು ಮೇಷ್ಟ್ರು ಲೆಕ್ಕ ಹಾಕುತ್ತ ಹತ್ತಿದರು. ಹೆಂಡತಿಗೆ ಜಾಗವಿತ್ತು, ಬೇಕಾದಷ್ಟಿತ್ತು. ‘ಬನ್ನಿ ತಾಯಿ,’ ಎಂದ ಕ್ಯಾಪ್ಟನ್, ‘ನೀವು ಬಂದಿದ್ದು ನಮ್ಮ ಪುಣ್ಯ. ಹೆಂಗಸರ ದನಿ ಸೇರಿದ್ರೆ ಉತ್ತರಕ್ಕೊಂದು ತೂಕ ಬರುತ್ತೆ.’

‘ಏನು ಉತ್ತರ?’ ಎಂದಳು ಅವಳು.

ಕ್ಯಾಪ್ಟನ್ ಹಿಂದಕ್ಕೆ ತಿರುಗಿ ವಿವರಿಸಿದ. ಒಬ್ಬೊಬ್ಬರ ಪೆಟ್ಟಿಗೆಯನ್ನೂ ಕುಳಿಗೆ ಇಳಿಸುವ ಬಟ್ಟೆಪಟ್ಟಿಯ ಮೇಲೆ ಎತ್ತಿ ಹಿಡಿದಾಗ ಅವರ ಹೆಸರು ಹೇಳಿ ಮೂರು ಸಲ ಕೇಳುವುದು: ಇವರಿಗೆ ಯಾರಾದರೂ ಇದ್ದೀರಾ? ಯಾರಾದರೂ ಇದ್ದೇನೆ ಎಂದರೆ ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟುಬಿಡುವುದು. ಅವರು ಮನೆಯವರು, ಒಯ್ಯುತ್ತಾರೆ, ಸಂಘಕ್ಕೆ ಅಲ್ಲಿ ಹಕ್ಕಿಲ್ಲ. ಮೂರನೆಯ ಸಲಕ್ಕೂ ಯಾರೂ ಇಲ್ಲದಿದ್ದರೆ ಅಲ್ಲಿರುವವರೆಲ್ಲ ಒಟ್ಟಿಗೆ ‘ನಾವಿದ್ದೇವೆ’ ಎನ್ನುವುದು. ಆಮೇಲೆ ಇಳಿಸುವುದು. ‘ಎಲ್ಲರೂ ಹೇಳ್ಬೇಕು ತಾಯಿ. ಕೊನೆಯವನು ಹೇಳಿ ಮುಗಿಸೋ ತನಕ ನಾನು ಕೈ ಇಳಿಸಲ್ಲ, ನಾನು ಕೈ ಇಳಿಸೋ ತನಕ ಅವರು ಪೆಟ್ಟಿಗೆ ಇಳಿಸಲ್ಲ. ಅದು ನಮ್ಮ ಪದ್ಧತಿ.’

ಪದ್ಧತಿಯಂತೆ, ಪದ್ಧತಿ. ನಿನ್ನೆ ಸಂಘದ ಅಂಗಳದಲ್ಲಿ ತಾಲೀಮು ನಡೆದಾಗ ಮೇಷ್ಟ್ರೂ ಹೋಗಿದ್ದರು. ಪೆಟ್ಟಿಗೆಗಳ ಬದಲು ಕುರ್ಚಿಯ ಮೇಲೆ ಇಟ್ಟಿಗೆ. ಮುದುಕರ ಬಾಯಿಂದ ‘ನಾವಿದ್ದೇವೆ’ ಎಂಬುದು ಒಮ್ಮೆಯೂ ಒಟ್ಟಿಗೆ ಬರಲಿಲ್ಲ. ಒಬ್ಬ ಮೊದಲೇ ಶುರು ಮಾಡುತ್ತಿದ್ದ, ಒಬ್ಬ ಕೆಮ್ಮಿನಲ್ಲಿ ಹೇಳುತ್ತಿದ್ದ, ಗೇಟಿನ ಪಕ್ಕ ನಿಂತ ಕಿವುಡನೊಬ್ಬ ಎಲ್ಲರೂ ಮುಗಿಸಿದ ಮೇಲೆ ಅವರ ತುಟಿ ನೋಡಿ ಅರ್ಥ ಮಾಡಿಕೊಂಡು, ಒಂಟಿಯಾಗಿ, ದೊಡ್ಡ ದನಿಯಲ್ಲಿ ‘ನಾವಿದ್ದೇವೆ’ ಎನ್ನುತ್ತಿದ್ದ. ಪ್ರತಿ ಸಲವೂ. ಮೇಷ್ಟ್ರಿಗೆ ನಗು ತಡೆಯಲಾಗದೆ ಕರವಸ್ತ್ರ ಬಾಯಿಗೆ ಒತ್ತಿಕೊಳ್ಳಬೇಕಾಯಿತು. ಕ್ಯಾಪ್ಟನ್ ಮಾತ್ರ ಕೈ ಮೇಲೆತ್ತಿಕೊಂಡು, ಬಿಸಿಲಲ್ಲಿ, ಆ ಕಿವುಡನ ಸರದಿ ಮುಗಿಯುವ ತನಕ ಅಲ್ಲಾಡದೆ ನಿಂತಿರುತ್ತಿದ್ದ. ಅದಕ್ಕಿಂತ ಅಸಹ್ಯವಾದದ್ದು ಇನ್ನೊಂದಿತ್ತು. ಒಬ್ಬೊಬ್ಬರ ಹೆಸರಿನ ಜೊತೆಗೂ ಅವನೊಂದು ಸಾಹಸ ಸೇರಿಸುತ್ತಿದ್ದ: ಹಿಮದಲ್ಲಿ ಕಾವಲು ನಿಂತವರು, ಸೇತುವೆ ಕಾಪಾಡಿದವರು. ಇದೆಲ್ಲ ಎಲ್ಲಿಂದ ಸಿಕ್ಕಿತು ಎಂದು ಮೇಷ್ಟ್ರು ಕೇಳಿದ್ದರು. ‘ಎಲ್ಲಿಂದ ಸಿಗುತ್ತೆ? ಬಿಲ್ಲೇಲಿ ಹೆಸರು, ನಂಬರು ಬಿಟ್ರೆ ಏನೂ ಇರಲ್ಲ. ಖಾಲಿ ಕೈಯಲ್ಲಿ ಕಳಿಸಬಾರದು ಅಂತ ನಾನೇ ಒಂದೊಂದು ಕೊಟ್ಟಿದೀನಿ. ಸತ್ತೋರೇನು ಬಂದು ಜಗಳ ಆಡ್ತಾರಾ.’ ಮೇಷ್ಟ್ರ ಮೈಯಲ್ಲಿದ್ದ ಚರಿತ್ರೆಯ ಅಧ್ಯಾಪಕ ಕೆರಳಿ ನಿಂತ. ಸುಳ್ಳು, ಅದೂ ಧ್ವನಿವರ್ಧಕದಲ್ಲಿ. ಒಂದು ಇಡೀ ಜನಾಂಗದ ಅಧೋಗತಿಗೆ ಇಂಥವರೇ ಕಾರಣ ಎಂದು, ಅಣ್ಣನ ಸರದಿ ಬರುವ ಮೊದಲೇ ಎದ್ದು, ಮನೆಗೆ ಬರುವ ದಾರಿಯುದ್ದಕ್ಕೂ ಅವರು ಯೋಚಿಸುತ್ತ ಬಂದಿದ್ದರು.

‘ನಾನೊಂದು ಮಾತು ಹೇಳಲಾ,’ ಎಂದರು ಈಗ, ವ್ಯಾನು ತಿರುವು ತೆಗೆದುಕೊಳ್ಳುವಾಗ, ಆದಷ್ಟು ಸಹಜವಾಗಿ. ‘ಬಿಸಿಲು ಜಾಸ್ತಿ. ಅಧಿಕಾರಿಗಳಿಗೂ ಅವಸರ ಇರುತ್ತೆ. ಒಬ್ಬೊಬ್ಬರ ಹೆಸರು ಹಿಡಿದು ಕರೆಯೋದು ಯಾಕೆ? ಎಲ್ಲರಿಗೂ ಸೇರಿಸಿ ಒಂದೇ ಸಲ ಕೇಳಿಬಿಡಿ.’

ಕ್ಯಾಪ್ಟನ್ ಕನ್ನಡಿಯಲ್ಲೇ ಅವರನ್ನು ನೋಡಿದ. ‘ಒಟ್ಟಾಗಿ ಕರೆಯೋದು ಅಂದ್ರೆ ಕುರಿ ಮಂದೆ ಮೇಷ್ಟ್ರೇ. ನಾಳೆ ನೀವು ಹೋದಾಗ ಒಟ್ಟಾಗಿ ಕರೆದ್ರೆ ಬರ್ತೀರಾ?’

ಹೆಂಡತಿ ನಕ್ಕಳು. ಅವಳು ಹೀಗೆ ನಕ್ಕು ಬಹಳ ದಿನವಾಗಿತ್ತು. ಆಮೇಲೆ ಕಿಟಕಿಯ ಕಡೆಗೆ ಮುಖ ಮಾಡಿ, ಪಾಠ ಒಪ್ಪಿಸುವವಳಂತೆ, ನಾವಿದ್ದೇವೆ, ನಾವಿದ್ದೇವೆ ಎಂದು ತನಗೆ ತಾನೇ ಹೇಳಿಕೊಂಡಳು. ಮೇಷ್ಟ್ರು ಅವಳ ಕಿವಿಯನ್ನೇ ನೋಡುತ್ತ ಕೂತರು. ಆ ಕಿವಿಗೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಅಣ್ಣನ ಹೆಸರು ಬೀಳುತ್ತದೆ. ಅದೇ ಹೆಸರಿನ ಬೇರೆ ಯಾರೋ ಎಂದರಾಯಿತು. ಬೀದಿಗೊಬ್ಬರು ಸಿಗುತ್ತಾರೆ. ಅವಳು ನಂಬುತ್ತಾಳೆ, ನದಿಯ ನೀರನ್ನು ನಂಬಿದವಳು.

ಸ್ಮಶಾನ ಅವರು ಅಂದುಕೊಂಡದ್ದಕ್ಕಿಂತ ಚೊಕ್ಕಟವಾಗಿತ್ತು, ಅದು ಅವರಿಗೆ ಇನ್ನಷ್ಟು ಕಿರಿಕಿರಿ ಮಾಡಿತು. ಒಂದೇ ಅಳತೆಯ ಕಲ್ಲುಗಳ ಸಾಲು, ಕತ್ತರಿಸಿದ ಹುಲ್ಲು, ಹೊಸದಾಗಿ ತೋಡಿದ ಚಿಕ್ಕ ಚಿಕ್ಕ ಕುಳಿಗಳು, ಸಸಿ ನೆಡಲು ತೋಡಿದಂತೆ. ಶಾಮಿಯಾನದ ಕೆಳಗೆ ಮೇಜಿನ ಮೇಲೆ ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ಬಿಳಿ ಬಟ್ಟೆ ಹೊದಿಸಿದ್ದರು. ಬಟ್ಟೆಯ ಅಂಚು ಮಡಚದೆ ಹಾಗೇ ಕತ್ತರಿಸಿದ್ದು, ನೂಲು ಇಳಿಬಿದ್ದಿತ್ತು. ಅಣ್ಣನ ಪೆಟ್ಟಿಗೆ ಯಾವುದೆಂದು ಗೊತ್ತಾಗುವಂತಿರಲಿಲ್ಲ. ಯಾವುದಾದರೇನು, ಅವನಿಗೆ ಆ ಅಂಚು ಸಹಿಸುತ್ತಿರಲಿಲ್ಲ ಎಂದು ಮಾತ್ರ ಮೇಷ್ಟ್ರಿಗೆ ಹೊಳೆಯಿತು. ಹೊಳೆದದ್ದಕ್ಕೆ ಸಿಟ್ಟೂ ಬಂತು. ಮುದುಕರು ಸಾಲಾಗಿ ನಿಂತಿದ್ದರು, ಸಮವಸ್ತ್ರ ಕೆಲವರಿಗೆ ಸಡಿಲ, ಕೆಲವರಿಗೆ ಹೊಟ್ಟೆಯ ಮೇಲೆ ಬಿಗಿದು ಗುಂಡಿ ಕಿತ್ತು ಹಾರುವಂತೆ. ಅಧಿಕಾರಿ ತಡವಾಗಿ ಬಂದು, ಗಡಿಯಾರ ನೋಡಿಕೊಂಡು, ಮುಖಕ್ಕೆ ದುಃಖ ಹಚ್ಚಿಕೊಂಡು ಕೂತ. ಹೆಂಡತಿ ಕುರ್ಚಿ ಬಿಟ್ಟು ಮುದುಕರ ಸಾಲಿನ ತುದಿಗೆ ಹೋಗಿ, ಕಿವುಡನ ಪಕ್ಕದಲ್ಲಿ ನಿಂತಳು.

ಮೇಷ್ಟ್ರು ಮಾತನಾಡಿದರು. ಚೆನ್ನಾಗಿಯೇ ಮಾತನಾಡಿದರು. ಹಾಳೆಯನ್ನು ಹೊರಗೆ ತೆಗೆಯುವ ಅಗತ್ಯವೇ ಬೀಳಲಿಲ್ಲ. ‘ಇವರನ್ನು ಅನಾಥರು ಎನ್ನುವವರು ಯಾರು? ಅನಾಥರು ಇವರಲ್ಲ, ಇವರನ್ನು ಮರೆತ ನಾವು’ ಎಂಬಲ್ಲಿ ಯಾರೋ ಚಪ್ಪಾಳೆ ತಟ್ಟಲು ಹೋಗಿ, ಇದು ಚಪ್ಪಾಳೆಯ ಜಾಗವಲ್ಲವೆಂದು ಹೊಳೆದು, ಕೈಗೆ ಕೈ ಉಜ್ಜಿಕೊಂಡ. ಅಧಿಕಾರಿ ಕೂಡ ತಲೆದೂಗಿದ. ತಮ್ಮ ದನಿ ಕಲ್ಲುಗಳ ಮೇಲೆ ಹಾದು ಹಿಂದಿರುಗಿ ಬರುವುದನ್ನು ಮೇಷ್ಟ್ರು ಕೇಳಿಸಿಕೊಂಡರು. ಇಷ್ಟು ಒಳ್ಳೆಯ ದನಿ, ಕೇಳುವುದಕ್ಕೆ ಇಂಥ ಮಂದಿ. ಮಾತು ಮುಗಿಸಿ ಧ್ವನಿವರ್ಧಕದ ಪಕ್ಕದಲ್ಲೇ ಸರಿದು ನಿಂತರು. ಕ್ಯಾಪ್ಟನ್ ಕೈಯಲ್ಲಿ ಇನ್ನೊಂದು ಧ್ವನಿವರ್ಧಕವಿತ್ತು.

ಒಂದು ಪೆಟ್ಟಿಗೆ ಹೋಯಿತು. ಹಿಮದಲ್ಲಿ ಕಾವಲು ನಿಂತವರು. ಯಾರಾದರೂ ಇದ್ದೀರಾ, ಇದ್ದೀರಾ, ಇದ್ದೀರಾ. ನಾವಿದ್ದೇವೆ. ಕೆಮ್ಮು. ಕಿವುಡನ ‘ನಾವಿದ್ದೇವೆ’. ಕೈ ಇಳಿಯಿತು. ಇನ್ನೊಂದು ಹೋಯಿತು. ಸೇತುವೆ ಕಾಪಾಡಿದವರು. ಹೆಂಡತಿಯ ದನಿ ಈ ಸಲ ಬೇರೆಯಾಗಿ ಕೇಳಿಸಿತು, ತೆಳ್ಳಗೆ, ಕಂಪಿಸದೆ. ಮೂರನೆಯ ಪೆಟ್ಟಿಗೆಯನ್ನು ಪಟ್ಟಿಯ ಮೇಲೆ ಎತ್ತಿದರು. ಅಣ್ಣನ ಹೆಸರು ಧ್ವನಿವರ್ಧಕದಿಂದ ಹೊರಬಿದ್ದಾಗ ಮೇಷ್ಟ್ರು ಹೆಂಡತಿಯ ಕಡೆ ನೋಡಬಾರದೆಂದು ಎದುರಿನ ಮರದ ಮೇಲೆ ಕಣ್ಣು ನೆಟ್ಟರು. ‘ಇವರಿಗೆ ಯಾರಾದರೂ ಇದ್ದೀರಾ?’ ಮರದಲ್ಲಿ ಒಂದು ಕಾಗೆ ಕೂತಿತ್ತು, ಎದ್ದು ಹೋಯಿತು. ಬೆವರು ಕೋಟಿನೊಳಗೆ ಹತ್ತಿಯ ತನಕ ಇಳಿಯುತ್ತಿತ್ತು. ಇನ್ನೆರಡು ಸಲ. ಅಷ್ಟು ಮಾಡಿದರೆ ಮುಗಿಯಿತು, ಬಾಯಿ ಮುಚ್ಚಿಕೊಂಡಿರುವುದು, ಜಗತ್ತಿನಲ್ಲಿ ಅದಕ್ಕಿಂತ ಸುಲಭವಾದದ್ದು ಯಾವುದಿದೆ. ‘ಫಿರಂಗಿ ದಳದ ವೀರ,’ ಎಂದ ಕ್ಯಾಪ್ಟನ್ ಗಂಟಲು ಏರಿಸಿ, ‘ಯಾರ ಫಿರಂಗಿಯ ಸದ್ದಿಗೆ ಶತ್ರುಗಳ ಎದೆ ನಡುಗುತ್ತಿತ್ತೋ, ಅಂಥ ಇವರಿಗೆ ಯಾರಾದರೂ ಇದ್ದೀರಾ?’

‘ಫಿರಂಗಿ ಅಲ್ಲ,’ ಎಂದರು ಮೇಷ್ಟ್ರು. ‘ದರ್ಜಿ.’

ಉತ್ತರಪತ್ರಿಕೆಯಲ್ಲಿ ತಪ್ಪು ಕಂಡಾಗ ಕೈ ತಾನಾಗಿ ಕೆಂಪು ಶಾಯಿಯ ಕಡೆಗೆ ಹೋಗುವಂತೆ ಬಂದ ಮಾತು ಅದು. ಅವರು ಆಡಿದ್ದಲ್ಲ, ಅವರ ವೃತ್ತಿ ಆಡಿದ್ದು. ದೊಡ್ಡದಾಗಿಯೇನೂ ಹೇಳಿರಲಿಲ್ಲ. ಆದರೆ ಪಕ್ಕದಲ್ಲಿದ್ದ ಧ್ವನಿವರ್ಧಕ ತನ್ನ ಕರ್ತವ್ಯ ಮಾಡಿತ್ತು. ದರ್ಜಿ ಎಂಬುದು ಕಲ್ಲುಗಳ ಮೇಲೆಲ್ಲ ಹೋಗಿ ಬಂತು. ಪಟ್ಟಿ ಹಿಡಿದ ಮುದುಕರು ಪೆಟ್ಟಿಗೆಯನ್ನು ಗಾಳಿಯಲ್ಲೇ ಹಿಡಿದು ಕತ್ತು ತಿರುಗಿಸಿದರು.

ಕ್ಯಾಪ್ಟನ್ ತನ್ನ ಧ್ವನಿವರ್ಧಕವನ್ನು ಅಂಗೈಯಿಂದ ಮುಚ್ಚಿ ಹತ್ತಿರ ಬಂದ. ‘ಏನಂದ್ರಿ?’

‘ಅವನು ಬಂದೂಕು ಕೂಡ ಸರಿಯಾಗಿ ಹಿಡಿದವನಲ್ಲ. ಹೊಲೀತಿದ್ದ. ಸಮವಸ್ತ್ರ, ಗುಂಡಿ, ಕಾಲರು. ಸುಮ್ಮನೆ ಏನೇನೋ ಹೇಳ್ಬೇಡಿ.’

‘ನಿಮಗೆ ಹೇಗೆ ಗೊತ್ತು ಮೇಷ್ಟ್ರೇ?’

ಓದಿದ್ದೆ ಎನ್ನಬಹುದಿತ್ತು. ಯಾರೋ ಹೇಳಿದ್ದರು ಎನ್ನಬಹುದಿತ್ತು. ಮರದ ಮೇಲಿಂದ ಕಣ್ಣು ಜಾರಿ ಸಾಲಿನ ತುದಿಗೆ ಹೋಯಿತು. ಹೆಂಡತಿ ಅವರನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅದನ್ನು ಕಂಡು ಮೇಷ್ಟ್ರಿಗೆ ಹೊಳೆಯಿತು: ಬತ್ತಿದ ನದಿಯನ್ನು ಇವಳು ಒಂದು ದಿನವೂ ನಂಬಿರಲಿಲ್ಲ. ಒಬ್ಬ ಸುಳ್ಳುಗಾರನ ಪಕ್ಕದಲ್ಲಿ ಮಲಗಿ ಎದ್ದು, ಅವನಿಗೆ ಚಹಾ ಕೊಟ್ಟು, ಅವನು ತಾನಾಗಿ ಹೇಳಲಿ ಎಂದು ಕಾದಿದ್ದಳು, ಆಮೇಲೆ ಕಾಯುವುದನ್ನೂ ಬಿಟ್ಟಿದ್ದಳು. ತಾವು ಊರಿನವರನ್ನೆಲ್ಲ ಮೇಲಿಂದ ನೋಡುತ್ತಿದ್ದ ವರ್ಷಗಳಲ್ಲಿ ತಮ್ಮನ್ನು ಒಬ್ಬಳು ಅಷ್ಟೇ ಎತ್ತರದಿಂದ, ಸದ್ದಿಲ್ಲದೆ, ನೋಡುತ್ತಿದ್ದಳು.

‘ಈ ಕೋಟು ಅವನೇ ಹೊಲಿದದ್ದು,’ ಎಂದರು. ಆಮೇಲೆ, ‘ನಮ್ಮಣ್ಣ.’

ಕ್ಯಾಪ್ಟನ್ ಅವರ ಭುಜವನ್ನು ನೋಡಿದ, ತೋಳನ್ನು ನೋಡಿದ, ಹೊಲಿಗೆಯನ್ನು ಪರೀಕ್ಷಿಸುವ ಗಿರಾಕಿಯಂತೆ. ಕಂಬಳಿ ಉಗ್ರಾಣದವನಿಗೆ ಬಟ್ಟೆ ಗೊತ್ತಿತ್ತು. ಆಮೇಲೆ ಅವನ ಮುಖದಲ್ಲಿ ಏನೋ ಒಂದು ಜಾಗಕ್ಕೆ ಬಂದು ಕೂತಿತು.

‘ಓಹೋ,’ ಎಂದ ಮೆಲ್ಲಗೆ. ‘ಓನರ್ ನೀವೇನಾ.’

ಮೇಷ್ಟ್ರು ಬೇರೆಯವರ ಮುಖಗಳಿಗೆ ಇಷ್ಟು ವರ್ಷ ಹಂಚಿದ್ದ ತಿರಸ್ಕಾರವೆಲ್ಲ ಒಂದು ಮುಖದಲ್ಲಿ ಸೇರಿ, ಪದಕಗಳ ಮೇಲಿಂದ, ಮೀಸೆಯ ಮೇಲಿಂದ ತಮ್ಮ ಕಡೆಗೆ ನೋಡುತ್ತಿತ್ತು. ಅದು ಅಂಥ ದೊಡ್ಡ ತಿರಸ್ಕಾರವೂ ಆಗಿರಲಿಲ್ಲ; ಚಹಾದಲ್ಲಿ ಬಿದ್ದ ಬಿಸ್ಕತ್ತನ್ನು ನೋಡುವಷ್ಟು.

‘ಏನ್ರೀ ಅದು, ತಡ ಆ‌ಗ್ತಿದೆ,’ ಎಂದ ಅಧಿಕಾರಿ ಕುರ್ಚಿಯಿಂದ.

‘ಒಂದು ನಿಮಿಷ ಸರ್. ಸಣ್ಣ ತಿದ್ದುಪಡಿ.’ ಕ್ಯಾಪ್ಟನ್ ಮತ್ತೆ ಮೇಷ್ಟ್ರ ಕಡೆ ತಿರುಗಿದ. ದನಿ ಇನ್ನೂ ತಗ್ಗಿಸಿದ. ‘ಎರಡು ಸಲ ಕರೆದಾಗಿದೆ. ಮೂರನೇದು ಬಾಕಿ ಇದೆ. ನಾನು ಕರೀತೀನಿ. ನಾನಿದೀನಿ ಅನ್ನಿ, ಪೆಟ್ಟಿಗೆ ಕೈಗೆ ಕೊಡ್ತೀನಿ, ನಮ್ಮ ಪದ್ಧತಿ ಹಾಗೇ. ಕಹಳೆ ಇರಲ್ಲ, ಕಲ್ಲು ಇರಲ್ಲ. ತಗೊಂಡು ಹೋಗಿ ಎಲ್ಲಿ ಇಡ್ತೀರೋ ಇಡಿ.’

ಎಲ್ಲಿ ಇಡುವುದು. ಹಿಂದಿನ ಕೋಣೆಯಲ್ಲಿ ಈಗ ನಿಜವಾಗಿಯೂ ಬಾಡಿಗೆಯವರಿದ್ದರು, ಔಷಧಿ ಅಂಗಡಿಯ ಗುಮಾಸ್ತ, ಮಿತಭಾಷಿ. ಅಟ್ಟದ ಮೇಲೆ, ಹೊಲಿಗೆ ಯಂತ್ರದ ಪಕ್ಕ. ಅಲ್ಲಿಂದ ಒಂದು ದಿನ ನದಿಗೆ, ಆಗಲೂ ನೀರಿರುವುದಿಲ್ಲ. ನಾನಿದ್ದೇನೆ ಎಂದರೆ ಅಣ್ಣನಿಗೆ ಕಲ್ಲಿಲ್ಲ, ಕಹಳೆಯಿಲ್ಲ, ತಮ್ಮನೊಬ್ಬ ಸಿಗುತ್ತಾನೆ, ಇಂಥ ತಮ್ಮ. ಸುಮ್ಮನಿದ್ದರೆ ಅಣ್ಣನಿಗೆ ಎಲ್ಲ ಸಿಗುತ್ತದೆ, ತಮ್ಮ ಇಲ್ಲ. ಯಾವುದು ಅವನಿಗೆ ಲಾಭ ಎಂದು ಲೆಕ್ಕ ಹಾಕುತ್ತಿದ್ದೇನೆಯೇ, ಯಾವುದು ನನಗೆ ಸುಲಭ ಎಂದೇ? ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳುತ್ತಿದ್ದ. ಅಣ್ಣನ ಮಾತು ನೆನಪಾಯಿತು: ಓನರ್ ಬಹಳ ಒಳ್ಳೆಯವರು. ಆ ನಗೆಯನ್ನು ಇಷ್ಟು ದಿನ ಅವರು ಕುಡುಕನ ಕುಹಕ ಎಂದುಕೊಂಡಿದ್ದರು. ಅದು ಹತ್ತಿ. ತಮ್ಮನಾದವನು ನಾಲ್ಕು ಜನರೆದುರು ಜಾರಿ ನಿಂತಾಗ, ಅಣ್ಣನಲ್ಲಿ ಇನ್ನೇನೂ ಉಳಿದಿರದಿದ್ದರಿಂದ, ಬಾಯಿಂದಲೇ ತುಂಬಿದ ಹತ್ತಿ.

ಕ್ಯಾಪ್ಟನ್ ತನ್ನ ಜಾಗಕ್ಕೆ ಮರಳಿ ಕೈ ಮೇಲೆತ್ತಿದ. ‘ಸೈನ್ಯದ ದರ್ಜಿ,’ ಎಂದ. ಗಂಟಲು ಏರಿಸಲಿಲ್ಲ. ‘ಎಷ್ಟೋ ಜನರನ್ನು ನೆಟ್ಟಗೆ ನಿಲ್ಲಿಸಿದವರು. ಇವರಿಗೆ ಯಾರಾದರೂ ಇದ್ದೀರಾ?’

ಅದನ್ನು ಕ್ಯಾಪ್ಟನ್ನನಿಗೆ ಯಾರೂ ಹೇಳಿರಲಿಲ್ಲ. ಅದೂ ಅವನು ಕೊಟ್ಟದ್ದೇ. ಮೇಷ್ಟ್ರಿಗೆ ತಿದ್ದಲು ಏನೂ ಸಿಗಲಿಲ್ಲ. ಬಾಯಿ ತೆರೆದರು. ಪಟ್ಟಿ ಹಿಡಿದ ಮುದುಕರ ತೋಳುಗಳು ನಡುಗುತ್ತಿದ್ದವು, ಬಿಳಿ ಬಟ್ಟೆಯ ಅಂಚಿನಿಂದ ನೂಲೊಂದು ಇಳಿಬಿದ್ದು ಗಾಳಿಗೆ ತೂಗುತ್ತಿತ್ತು. ಬಾಯಿ ಮುಚ್ಚಿದರು.

‘ನಾವಿದ್ದೇವೆ,’ ಎಂದರು ಎಲ್ಲರೂ. ಮೊದಲೇ ಶುರು ಮಾಡುವವನು ಮೊದಲೇ ಶುರು ಮಾಡಿದ. ಹೆಂಡತಿಯ ದನಿ ಎಲ್ಲರ ಮೇಲೆ ಸ್ಪಷ್ಟವಾಗಿ ನಿಂತು ಇಳಿಯಿತು. ಅವಳು ಹೇಳುವಾಗ ಪೆಟ್ಟಿಗೆಯನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಕೆಮ್ಮುವವನು ಕೆಮ್ಮಿನಲ್ಲೇ ಹೇಳಿದ. ಕಿವುಡ ಅವಳ ತುಟಿ ನೋಡಿ, ತಿಳಿದುಕೊಂಡು, ಒಂಟಿಯಾಗಿ, ದೊಡ್ಡದಾಗಿ ಹೇಳಿ ಮುಗಿಸಿದ.

ಕ್ಯಾಪ್ಟನ್‌ನ ಕೈ ಇಳಿಯಲಿಲ್ಲ.

ಒಬ್ಬರನ್ನು ಬಿಟ್ಟು ಎಲ್ಲರೂ ಹೇಳಿಯಾಗಿತ್ತು. ಕಹಳೆಯವನು ಕಹಳೆಯನ್ನು ತುಟಿಗಿಟ್ಟು ಕಾಯುತ್ತಿದ್ದ. ಅಧಿಕಾರಿ ಗಡಿಯಾರ ನೋಡಿದ. ಪೆಟ್ಟಿಗೆ ಕುಳಿಯ ಮೇಲೆ ತೂಗುತ್ತಿತ್ತು, ಕ್ಯಾಪ್ಟನ್ ಎತ್ತಿದ ಕೈಯನ್ನು ಹಾಗೆಯೇ ಹಿಡಿದು, ಯಾರ ಕಡೆಗೂ ತಿರುಗದೆ, ನಿನ್ನೆ ಇಟ್ಟಿಗೆಗಳ ಮುಂದೆ ಕಿವುಡನಿಗಾಗಿ ಕಾದಂತೆಯೇ ಕಾಯುತ್ತಿದ್ದ. ಒಬ್ಬೊಬ್ಬರಾಗಿ ಮುದುಕರು ತಲೆ ತಿರುಗಿಸಿದರು. ಕಿವುಡನೂ ತಿರುಗಿದ, ಮೇಷ್ಟ್ರ ತುಟಿಯನ್ನೇ ನೋಡತೊಡಗಿದ, ಯಾವ ಮಾತು ಬರುತ್ತದೋ ಎಂದು ಓದಲು ಸಿದ್ಧನಾಗಿ. ಭಾಷಣದ ಜೇಬಿನಲ್ಲಿ ಹಾಳೆ ಬೆವರಿಗೆ ಒದ್ದೆಯಾಗಿ ಎದೆಗೆ ಅಂಟಿಕೊಂಡಿತ್ತು. ಅದರಲ್ಲಿ ಇದಕ್ಕೆ ಏನೂ ಬರೆದಿರಲಿಲ್ಲ. ಮೇಷ್ಟ್ರು ಧ್ವನಿವರ್ಧಕದಿಂದ ಒಂದು ಹೆಜ್ಜೆ ದೂರ ಸರಿದರು.

‘ನಾವಿದ್ದೇವೆ,’ ಎಂದರು.

ಒಳ್ಳೆಯ ದನಿ ಎಲ್ಲೋ ಹೋಗಿತ್ತು. ಸಾಲಿನ ತುದಿಯ ತನಕ ಕೂಡ ಅದು ಕೇಳಿಸಲಿಲ್ಲ. ಕಿವುಡ ಮಾತ್ರ ಓದಿಕೊಂಡು ತಲೆದೂಗಿದ. ಕೈ ಇಳಿಯಿತು.